ಬಾಯಿಗೆ ಬಂದ ಹೆಸರು

ಜಗಳೂರು
೧೦ ಜೂನ್ ೨೦೨೪

ಬಾಪು,

ನಿನಗೆ ಕನ್ನಡದಲ್ಲಿ ಬರೆಯಲು ನಾಚಿಕೆಯಾಗುತ್ತಿದೆ. ಮನೆಗೆ ಹೊರಗಿನವರು ಬಂದಾಗ ಮಾತ್ರ ನಾವಿಬ್ಬರೂ ಕನ್ನಡ ಆಡುವುದು. ಶಾಲೆಯಲ್ಲಿ ಕಲಿಸಿದ ಹಾಗೆ ತೀರ್ಥರೂಪು ಎಂದು ಶುರುಮಾಡಿ ಹೊಡೆದುಹಾಕಿದೆ. ನೀವು ಎನ್ನಲೂ ಕೈ ಬರಲಿಲ್ಲ. ಯಾಡಿಗೆ ಓದಿ ಹೇಳುವಾಗ ಹೇಗೂ ನಮ್ಮ ಲಂಬಾಣಿಯಲ್ಲೇ ಹೇಳುತ್ತೀಯಲ್ಲ, ಕನ್ನಡದಲ್ಲಿ ಬರೆದಿದ್ದೇನೆಂದು ಅಮ್ಮನಿಗೆ ಗೊತ್ತಾಗುವುದಿಲ್ಲ ಬಿಡು.

ಕೆಲಸ ಸಿಕ್ಕಿದೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ರಕ್ತಪರೀಕ್ಷೆಯ ಲ್ಯಾಬ್. ಮಾಲೀಕರು ಕೊಟ್ರಬಸಪ್ಪ ಅಂತ, ಮೊದಲು ಔಷಧಿ ಅಂಗಡಿ ಇಟ್ಟಿದ್ದವರು. ಲ್ಯಾಬಿನ ಹಿಂದಿನ ಬೀದಿಯಲ್ಲಿ ನಿರ್ಮಲಮ್ಮ ಎನ್ನುವವರ ಮನೆಯ ಮಹಡಿಯ ಮೇಲೆ ಕೋಣೆ, ಜೊತೆಗೆ ಇನ್ನಿಬ್ಬರು ಹುಡುಗಿಯರಿದ್ದಾರೆ.

ಫೋನ್ ಯಾಕೆ ಮಾಡುವುದಿಲ್ಲ ಎಂದು ಬೈಯುತ್ತಿರುತ್ತೀಯ. ಕಾರಣ ಹೇಳುತ್ತೇನೆ. ಚನ್ನಗಿರಿಗೆ ಕೆಲಸ ಕೇಳಲು ಹೋದಾಗ ಏನಾಯಿತೆಂದು ನಿನಗೆ ಪೂರ್ತಿ ಹೇಳಿರಲಿಲ್ಲ. ನನ್ನ ಡಿಪ್ಲೊಮಾದಲ್ಲಿ ಬರೀ ಅರುಣಾ ಎಂದಿದೆ. ಅದನ್ನು ನೋಡಿ ಅಲ್ಲಿನ ಲ್ಯಾಬಿನವರು, "ಬಾಮ್ಮ, ಕೂತ್ಕ, ನಾಳಿಂದ್ಲೇ ಬರಾಕೆ ಆಗ್ತೈತಾ?" ಎಂದರು. ಆಮೇಲೆ ತಂದೆಯ ಹೆಸರು ಕೇಳಿದರು. ಥಾವರ್ಯಾ ನಾಯ್ಕ ಎಂದೆ. "ಓಹೋ, ತಾಂಡಾದೋರಾ" ಎಂದು ಕಾಗದ ಮಡಚಿ ನನ್ನ ಕೈಗೇ ಕೊಟ್ಟು, ಫೋನ್ ಮಾಡ್ತೀವಿ ಎಂದರು. ಹೊನ್ನಾಳಿಯಲ್ಲೂ ಅದೇ. ಅಲ್ಲಿ ಅವರೇ ತರಿಸಿಕೊಟ್ಟ ಚಹಾ ನಾನು ಕುಡಿದು ಮುಗಿಸುವ ತನಕವೂ ಕಾಯಲಿಲ್ಲ. ಜನ ಬೇಕಾಗಿದ್ದಾರೆ ಎಂಬ ಬೋರ್ಡು ಮಾತ್ರ ತಿಂಗಳಾದ ಮೇಲೂ ಅವರ ಬಾಗಿಲಿನಲ್ಲಿ ಹಾಗೇ ಇತ್ತು.

ಜಗಳೂರಿನಲ್ಲೂ ಕೇಳಿದರು. ನಾನು ಬೇರೆ ಹೆಸರು ಹೇಳಿದೆ.

ಅದಕ್ಕೇ ಫೋನ್ ಮಾಡುತ್ತಿಲ್ಲ. ಕೋಣೆಯಲ್ಲಿ ಕೂತು ನಮ್ಮ ಮಾತು ಆಡಿದರೆ ಎಲ್ಲರಿಗೂ ತಿಳಿಯುತ್ತದೆ. ಬೀದಿಗೆ ಹೋಗಿ ಆಡೋಣವೆಂದರೆ ಸಣ್ಣ ಊರು, ಲ್ಯಾಬಿಗೆ ಬಂದವರೆಲ್ಲ ಗುರುತು ಹಿಡಿಯುತ್ತಾರೆ. ಕನ್ನಡದಲ್ಲಿ ಮಾತಾಡಿದರೆ ಯಾಡಿ ಅಳುತ್ತಾಳೆ, ಹೋದ ಸಲ ನೋಡಿದೆಯಲ್ಲ. ಪತ್ರ ಬರೆ. ಕವರಿನ ಹಿಂದೆ ನಿನ್ನ ಹೆಸರು ಬರೆಯಬೇಡ.

ನಿನ್ನ ಮಗಳು
ಅರುಣಾ


ಕೆರೆಯಂಗಳ ತಾಂಡಾ, ನ್ಯಾಮತಿ
೨೪ ಜೂನ್ ೨೦೨೪

ಅರುಣಾ,

ನಿನ್ನ ಕಾಗದ ಕೈಗೆ ಬಂತು. ಬ್ಯಾಂಕಿನವರು ಬಿಟ್ಟರೆ ಈ ತಾಂಡಾಕ್ಕೆ ಕಾಗದ ಹಾಕುವವರು ಇನ್ನೂ ಇದ್ದಾರೆಂದು ಪೋಸ್ಟಿನವನಿಗೆ ನಂಬಿಕೆಯೇ ಬರಲಿಲ್ಲ. ಒಂದು ಕಾಲಕ್ಕೆ ಮಂಡ್ಯದ ಕಡೆ ಕಬ್ಬು ಕಡಿಯಲು ಹೋದವರಿಗೆಲ್ಲ ಇಲ್ಲಿಂದ ಪತ್ರ ಬರೆಯುತ್ತಿದ್ದವನು ನಾನೇ. ಹೆಂಗಸರು ಬಂದು ಕೂತು, ಎಮ್ಮೆ ಈದಿದೆ, ಬೇಗ ಬಾ ಎಂದು ಬರಿ ಎನ್ನುತ್ತಿದ್ದರು. ಬೇಗ ಬಾ ಎನ್ನುವುದಷ್ಟೇ ಅವರಿಗೆ ಬೇಕಾಗಿದ್ದದ್ದು. ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ, ನಾನು ಏನು ನೆಪ ಹೇಳಲಿ?

ಯಾಡಿಗೆ ಓದಿ ಹೇಳಿದೆ. ಬೇರೆ ಹೆಸರು ಹೇಳಿದೆ ಎಂಬ ಮಾತು ಬಂದಾಗ ಕೆಮ್ಮಿದ ಹಾಗೆ ಮಾಡಿ ಮುಂದಕ್ಕೆ ಹೋದೆ. ಅವಳು ನನ್ನ ಮುಖ ನೋಡಿದಳು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ನನ್ನ ಕೆಮ್ಮು ಯಾವುದು, ಕಳ್ಳ ಕೆಮ್ಮು ಯಾವುದು ಎಂದು ಗೊತ್ತಿರುವುದಿಲ್ಲವೇ. ಕೇಳಲಿಲ್ಲ, ರೊಟ್ಟಿ ತಟ್ಟಲು ಎದ್ದು ಹೋದಳು.

ನಾನು ಶನಿವಾರ ಹುಟ್ಟಿದವನು. ನಮ್ಮ ಮಾತಿನಲ್ಲಿ ಥಾವರ್ ಅಂದರೆ ಶನಿವಾರ. ನನ್ನ ಅಜ್ಜಿ ಹೆಚ್ಚು ಯೋಚನೆ ಮಾಡದೆ ಥಾವರ್ಯಾ ಎಂದಳು, ಅಷ್ಟೇ. ನಿನ್ನ ವಿಷಯದಲ್ಲಿ ನಾನು ಯೋಚನೆ ಮಾಡಿದೆ. ಯಾವ ಜನ ಎಂದು ಯಾರಿಗೂ ಗೊತ್ತಾಗದ ಹೆಸರು ಕೊಡಿ ಎಂದು ಗೋವಿನಕೋವಿಯ ಮೇಷ್ಟರನ್ನು ಕೇಳಿ ಅರುಣಾ ಎಂದು ಇಟ್ಟೆ. ಬಹಳ ಬುದ್ಧಿವಂತನೆಂದುಕೊಂಡಿದ್ದೆ. ಅದರ ಪಕ್ಕದಲ್ಲಿ ನನ್ನ ಹೆಸರನ್ನೂ ಕೇಳುತ್ತಾರೆಂದು ತಲೆಗೇ ಹೋಗಲಿಲ್ಲ.

ಇರಲಿ, ಯಾವ ಹೆಸರು ಕೊಟ್ಟೆ? ಐವತ್ತು ದಾಟಿದ ಮೇಲೆ ನಾಮಕರಣ ಆದವನು ಈ ತಾಂಡಾದಲ್ಲಿ ನಾನೊಬ್ಬನೇ ಇರಬೇಕು. ತೊಟ್ಟಿಲು ಎಲ್ಲಿ ಕಟ್ಟಿದ್ದೀಯ ಹೇಳು, ಬಂದು ಮಲಗುತ್ತೇನೆ. ನಿನಗೆ ನಗು ಬರಲೆಂದು ಬರೆದೆ, ನನಗೇನೂ ಬರಲಿಲ್ಲ.

ನಾನು ಓಡಿಸುವ ಮರುಳಪ್ಪನವರ ಟ್ರ್ಯಾಕ್ಟರಿಗೆ ಬಿತ್ತನೆಯ ಕೆಲಸ ಜೋರಾಗಿದೆ. ನಾನಿಲ್ಲದಿದ್ದರೆ ಆ ಗಾಡಿ ಶುರುವೇ ಆಗುವುದಿಲ್ಲ ಎಂದು ಅವರೇ ಎಲ್ಲರ ಮುಂದೆ ಹೇಳುತ್ತಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕವರಿನ ಹಿಂದೆ ಏನೂ ಬರೆದಿಲ್ಲ.

ನಿನ್ನ ಬಾಪು
ಥಾವರ್ಯಾ


ಜಗಳೂರು
೧೮ ಆಗಸ್ಟ್ ೨೦೨೪

ಬಾಪು,

ತಡವಾಯಿತು. ಡೆಂಗಿ ಜ್ವರದ ಕಾಲ, ಲ್ಯಾಬಿನಲ್ಲಿ ನಿಲ್ಲಲು ಜಾಗವಿಲ್ಲ.

ಇಲ್ಲಿ ನನ್ನನ್ನು ತುಂಬಾ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅದೇ ಕಷ್ಟ. ನಿರ್ಮಲಮ್ಮ ಶ್ರಾವಣದ ಸೋಮವಾರ ಒಳಗೆ ಕರೆದು ಅಡುಗೆಮನೆಯಲ್ಲೇ ಕೂರಿಸಿ ಹೋಳಿಗೆ ಬಡಿಸಿದರು. "ನಿಮ್ಮ ಮನೆದೇವ್ರು ಯಾವುದಮ್ಮ?" ಎಂದು ಕೇಳಿದರು. ತೀರ್ಥರಾಮೇಶ್ವರ ಎಂದೆ. "ಒಳ್ಳೇದಾತು" ಎಂದು ಇನ್ನೊಂದು ಹೋಳಿಗೆ ಹಾಕಿದರು. ಅವರ ಕೈ ನನ್ನ ಬೆನ್ನ ಮೇಲಿತ್ತು. ಅದು ನನ್ನ ಬೆನ್ನೋ, ನಾನು ಹೇಳಿದ ಆ ಹೆಸರಿನವರ ಮಗಳ ಬೆನ್ನೋ ಎಂದು ಯೋಚಿಸುತ್ತಾ ತಿಂದೆ. ಹೋಳಿಗೆ ಚೆನ್ನಾಗಿತ್ತು.

ಹೋದ ವಾರ ಒಂದು ಅಜ್ಜಿ ಬಂದಿತ್ತು, ನಮ್ಮವರು. ಮೊಣಕೈ ತನಕ ಬಳೆ. ಸೂಜಿ ನೋಡಿದ್ದೇ ಜೊತೆಗಿದ್ದ ಮಗನ ಹತ್ತಿರ ನಮ್ಮ ಮಾತಿನಲ್ಲಿ, ನೋವಾಗುತ್ತದಾ ಕೇಳು, ಎಷ್ಟು ತೆಗೆಯುತ್ತಾರೆ ಕೇಳು ಎಂದಿತು. ಮಗ ನಾಚಿಕೊಂಡು ಸುಮ್ಮನೆ ನಿಂತಿದ್ದ. ಕೊಟ್ರಬಸಪ್ಪನವರು ಒಳಗಿನಿಂದ, "ಏನಂತೈತೆ ಅಜ್ಜಿ?" ಎಂದರು. ನಾನು, "ಗೊತ್ತಾಗ್ಲಿಲ್ಲ ಸರ್" ಎಂದೆ.

ಎರಡು ತಿಂಗಳ ಮೇಲೆ ಕಿವಿಗೆ ಬಿದ್ದ ಮೊದಲ ನಮ್ಮ ಮಾತು ಬಾಪು ಅದು. ಗೊತ್ತಾಗಲಿಲ್ಲ ಎಂದುಬಿಟ್ಟೆ. ಆ ಅಜ್ಜಿಯ ತೋಳು ಹಿಡಿದು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹತ್ತಿ ಒತ್ತಿದೆ. ಹೋಗುವಾಗ ಅದು ಮಗನಿಗೆ, ಈ ಹುಡುಗಿ ಯಾರ ಮಗಳೋ, ಕೈ ಮೆತ್ತಗಿದೆ ಎಂದಿತು. ಅದೂ ನನಗೆ ಗೊತ್ತಾಗಬಾರದಿತ್ತು.

ನೀನು ಕೇಳಿದ್ದಕ್ಕೆ ಉತ್ತರ ಬರೆದಿಲ್ಲ ಎಂದು ನನಗೆ ಗೊತ್ತಿದೆ. ಇನ್ನೊಂದು ಸಲ ಕೇಳಬೇಡ. ಯಾಡಿಯ ಮಂಡಿನೋವು ಹೇಗಿದೆ? ರಾತ್ರಿ ಮಲಗುವಾಗ ನೀನು ಬೈಯುವುದು, ಅವಳು ಬೈಯುವುದು, ಎರಡನ್ನೂ ಮನಸ್ಸಿನಲ್ಲೇ ಆಡಿಸಿಕೊಳ್ಳುತ್ತೇನೆ, ಮಾತು ಮರೆತುಹೋಗಬಾರದಲ್ಲ.

ನಿನ್ನ ಮಗಳು
ಅರುಣಾ


ಕೆರೆಯಂಗಳ ತಾಂಡಾ
೧೯ ಅಕ್ಟೋಬರ್ ೨೦೨೪

ಅರುಣಾ,

ದೀಪಾವಳಿಗೆ ಬಾ. ಈ ಸಲ ನೆಪವಿಲ್ಲದೆ ಬರೆಯುತ್ತಿದ್ದೇನೆ.

ಅಮಾವಾಸ್ಯೆ ಸಂಜೆ ತಾಂಡಾದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಬಂದು ಹಿರಿಯರಿಗೆ ಮೇರಾ ಹಾಡಿ ಒಳ್ಳೆಯದಾಗಲೆಂದು ಹೇಳುತ್ತಾರಲ್ಲ, ಹೋದ ವರ್ಷ ನೀನೇ ಮುಂದೆ ಇದ್ದೆ. ಮದುವೆಯಾದ ಮೇಲೆ ಹೆಣ್ಣುಮಕ್ಕಳಿಗೆ ಅದು ಇಲ್ಲ. ನಿನಗೆ ಇನ್ನೆಷ್ಟು ದೀಪಾವಳಿ ಉಳಿದಿವೆಯೋ ಎಂದು ಯಾಡಿ ಲೆಕ್ಕ ಹಾಕುತ್ತಿದ್ದಾಳೆ. ಬೇರೆಯವರ ಮಕ್ಕಳು ಬಂದು ನಮಗೂ ಹೇಳಿ ಹೋಗುತ್ತಾರೆ, ಅದಕ್ಕೇನೂ ಕೊರತೆಯಿಲ್ಲ. ಬಾಪು ಎಂದು ಕರೆಯುವ ದನಿ ಮಾತ್ರ ಬೇರೆಯವರದಾಗಿರುತ್ತದೆ.

ಜಗಳೂರು ಅಮೆರಿಕಾವೇನಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ದಾವಣಗೆರೆಯಲ್ಲಿ ಒಂದು ಬಸ್ಸು ಬದಲಾಯಿಸಿ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು. ನಾನೇ ಬಂದು ನೋಡಿಕೊಂಡು ಹೋಗಲು ಎರಡು ಸಲ ಹೊರಟು ಅಂಗಿ ಹಾಕಿಕೊಂಡು ಕೂತೆ. ಅಲ್ಲಿ ಯಾರಾದರೂ, ನೀವು ಯಾರು ಎಂದು ಕೇಳಿದರೆ ಏನು ಹೇಳಬೇಕೆಂದು ತಿಳಿಯದೆ ಅಂಗಿ ಬಿಚ್ಚಿಟ್ಟೆ.

ನಿನ್ನ ಬಾಪು
ಥಾವರ್ಯಾ


ಜಗಳೂರು
೪ ನವೆಂಬರ್ ೨೦೨೪

ಬಾಪು,

ಬರಲಿಲ್ಲ. ಬಸ್ ಸ್ಟ್ಯಾಂಡಿನ ತನಕ ಬಂದಿದ್ದೆ. ಅಮಾವಾಸ್ಯೆಗೆ ಲ್ಯಾಬಿನಲ್ಲಿ ಲಕ್ಷ್ಮೀಪೂಜೆ, ನೀನೇ ಆರತಿ ತಟ್ಟೆ ಹಿಡೀಬೇಕಮ್ಮ ಎಂದು ಕೊಟ್ರಬಸಪ್ಪನವರು ಹೇಳಿ ಕಳಿಸಿದರು. ಹೊಸ ಕೆಲಸ, ಇಲ್ಲ ಎನ್ನಲು ಧೈರ್ಯವಾಗಲಿಲ್ಲ. ತಟ್ಟೆ ಹಿಡಿದೆ. ಅದೇ ಹೊತ್ತಿಗೆ ತಾಂಡಾದಲ್ಲಿ ಹುಡುಗಿಯರು ನಾಯಕರ ಮನೆಯಿಂದ ಹೊರಟಿರುತ್ತಾರೆ ಎಂದು ಗೊತ್ತಿತ್ತು. ಬಾಯೊಳಗೇ ನಿನಗೂ ಯಾಡಿಗೂ ಮೇರಾ ಹೇಳಿದೆ. ತುಟಿ ಅಲ್ಲಾಡಿದ್ದನ್ನು ನೋಡಿ ಅವರ ತಂಗಿ ಸಾವಂತ್ರಮ್ಮ, "ಮಂತ್ರ ಎಷ್ಟು ಚಂದ ಹೇಳ್ಕಂತಾಳೆ ನೋಡಣ್ಣ" ಎಂದರು.

ಆಕೆ ನನ್ನನ್ನು ಬಹಳ ನೋಡಿದರು. ವಯಸ್ಸು ಕೇಳಿದರು. ಮನೆಯಲ್ಲಿ ಯಾರ್‍ಯಾರು ಎಂದರು. ಅಕ್ಕನಿಗೆ ಮದುವೆಯಾಗಿದೆ ಎಂದೆ. ಇಲ್ಲದ ಅಕ್ಕನನ್ನು ಮದುವೆ ಮಾಡಿಯೂ ಕಳಿಸಿದೆ ಬಾಪು. ಒಂದು ಹೆಸರು ಹೇಳಿದ ಮೇಲೆ ಆ ಮನೆಯವರನ್ನೆಲ್ಲ ಹೇಳಬೇಕಾಗುತ್ತದೆ.

ಯಾಡಿಗೆ ಸಿಟ್ಟು ಬಂದಿದ್ದರೆ ಬಂದಿದೆ ಎಂದೇ ಬರೆ.

ನಿನ್ನ ಮಗಳು
ಅರುಣಾ


ಕೆರೆಯಂಗಳ ತಾಂಡಾ
೨೫ ನವೆಂಬರ್ ೨೦೨೪

ಅರುಣಾ,

ನೀನು ಉತ್ತರ ಕೊಡದಿದ್ದ ಪ್ರಶ್ನೆಗೆ ನಿನ್ನೆ ಉತ್ತರ ಸಿಕ್ಕಿತು. ಕಾರು ಮಾಡಿಕೊಂಡು ಮನೆಬಾಗಿಲಿಗೇ ಬಂತು.

ಮರುಳಪ್ಪನವರ ಕಣದಲ್ಲಿ ಮೆಕ್ಕೆಜೋಳ ಹರಡುತ್ತಿದ್ದೆ. ಕಾರಿನಿಂದ ದಪ್ಪಗಿನ ಯಜಮಾನರೊಬ್ಬರು, ಒಬ್ಬ ಹೆಂಗಸು ಇಳಿದರು. ಹಣ್ಣಿನ ಚೀಲವಿತ್ತು. ಮೆಕ್ಕೆಜೋಳ ಕೊಳ್ಳಲು ಬಂದವರು ಹಣ್ಣು ತರುವುದಿಲ್ಲ, ಹೆಣ್ಣು ಕೇಳಲು ಬಂದಿದ್ದಾರೆ ಎಂದುಕೊಂಡು ಕುರ್ಚಿ ತಂದು ಹಾಕಿದೆ. ಆದರೆ ಮರುಳಪ್ಪನವರಿಗೆ ಇರುವುದು ಮೇಘಶ್ರೀ ಒಬ್ಬಳೇ ಮಗಳು, ಅವಳ ಮದುವೆಯಾಗಿದೆ. ಬೇರೆ ಯಾರ ಮನೆಯನ್ನೋ ಹುಡುಕಿ ಬಂದಿದ್ದಾರೆ ಎಂದು ನಗು ಬಂತು.

ಯಜಮಾನರು ಹೇಳಿದರು, "ನಾನು ಜಗಳೂರಿನ ಕೊಟ್ರಬಸಪ್ಪ ಅಂತ ರೀ. ನಿಮ್ಮ ಎರಡನೇ ಮಗಳು ಅರುಣಾ ನಮ್ಮ ಲ್ಯಾಬಿನಾಗೆ ಐದಾಳಲ್ಲ. ಹಿರೇರನ್ನ ಕೇಳ್ದೆ ಹುಡುಗಿ ಮುಂದೆ ಮಾತು ಎತ್ತಬಾರ್ದು ಅಂತ ನೆಟ್ಟಗೆ ಇಲ್ಲಿಗೇ ಬಂದ್ವಿ. ನಮ್ಮ ಸಾವಂತ್ರಮ್ಮನ ಮಗನಿಗೆ ಕೇಳಾನ ಅಂತ."

ಮರುಳಪ್ಪನವರು ನನ್ನನ್ನು ನೋಡಿದರು. ನಾನು ಇನ್ನೊಂದು ಕುರ್ಚಿ ಹಿಡಿದು ನಿಂತಿದ್ದೆ. ಕೆಳಗಿಡಬೇಕೆಂದು ಗೊತ್ತಾಗಲಿಲ್ಲ. ಅವರಿಗೆ ಅರ್ಥವಾಗಲು ಬಹಳ ಹೊತ್ತೇನೂ ಬೇಕಾಗಲಿಲ್ಲ ಅರುಣಾ. ನಿನ್ನನ್ನು ಅವರು ಚಿಕ್ಕಂದಿನಿಂದ ಬಲ್ಲರು. ಗಂಟಲು ಸರಿಮಾಡಿಕೊಂಡು, "ಹುಡುಗಿ ಇನ್ನಾ ಚಿಕ್ಕೋಳು ರೀ. ಈ ವರ್ಷ ಲಗ್ನ ಬ್ಯಾಡ ಅಂತ ಮಾಡೀವಿ. ಮುಂದೆ ನೋಡಾನ" ಎಂದರು.

"ಆಗ್ಲಿ, ಅವಸರ ಏನಿಲ್ಲ. ಆದ್ರೆ ಒಂದು ಮಾತು ಹೇಳ್ತೀನಿ, ನಿಮ್ಮ ಮಗಳ ಕೈ ಭಾಳ ಹಗುರ. ಸೂಜಿ ಚುಚ್ಚಿದ್ದೇ ಗೊತ್ತಾಗಾಕಿಲ್ಲ ಅಂತಾರೆ ಜನ. ಚಂದ ಬೆಳ್ಸೀರಿ" ಎಂದರು ಕೊಟ್ರಬಸಪ್ಪ.

"ನಮ್ಮ ಹುಡುಗಿ ಮೊದ್ಲಿಂದ್ಲೂ ಹಂಗೇ ರೀ" ಎಂದರು ಮರುಳಪ್ಪನವರು.

ಅವರು ನಿನ್ನ ಕೆಲಸ ಉಳಿಸಿದರು. ನಾನು ಕೈ ಮುಗಿಯಬೇಕು, ಮುಗಿದೆ ಕೂಡ. ಆದರೆ ಆ ಹೊಗಳಿಕೆ ನನ್ನದು. ನಿನ್ನನ್ನು ಚೆನ್ನಾಗಿ ಬೆಳೆಸಿದ್ದಾರೆ ಎಂದು ಲೋಕದಲ್ಲಿ ಒಬ್ಬ ಮನುಷ್ಯ ಕಾರು ಮಾಡಿಕೊಂಡು ಬಂದು ಹೇಳಿದಾಗ ನಾನು ಕುರ್ಚಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷ ಅವರ ಗಾಡಿ, ಅವರ ಮನೆ, ಅವರ ಹೊಲ ಯಾವುದನ್ನು ನೋಡಿಯೂ ಆಗದಿದ್ದ ಹೊಟ್ಟೆಕಿಚ್ಚು.

ಅವರು ಹೋದ ಮೇಲೆ ಮರುಳಪ್ಪನವರು, "ನನ್ನ ಹೆಸ್ರೇ ಬೇಕಾಗಿತ್ತೇನೋ ನಿನ್ನ ಮಗಳ್ಗೆ" ಎಂದು ನಕ್ಕರು. ಕೆಟ್ಟ ಮನುಷ್ಯರಲ್ಲ. ಅವರ ಹೆಂಡತಿ ಶಿವಗಂಗಮ್ಮನವರು ನಗಲಿಲ್ಲ. ಬಾಗಿಲಲ್ಲೇ ನಿಂತು, "ಕೆಲ್ಸ ಎಲ್ಲಾರ ಮಾಡ್ಕಳ್ಳಲಿ, ನಮ್ಮ ಮನೆ ಹೆಸ್ರು ಬಿಡಾಕೆ ಹೇಳು. ನಾಳೆ ನಾಲ್ಕು ಜನ ಕೇಳಿದ್ರೆ ನಾವೇನು ಹೇಳಾನ?" ಎಂದರು. ಅವರದೂ ತಪ್ಪೇನಲ್ಲ.

ಯಾಡಿಗೆ ಎಲ್ಲವನ್ನೂ ಹೇಳಿದೆ. ಈ ಸಲ ಕೆಮ್ಮಲಿಲ್ಲ.

ಥಾವರ್ಯಾ


ಜಗಳೂರು
೩ ಡಿಸೆಂಬರ್ ೨೦೨೪

ಬಾಪು,

ಆವತ್ತು ತಂದೆಯ ಹೆಸರು ಎಂದಾಗ ನಾನು ಆರಿಸಿ ಹೇಳಿದ್ದಲ್ಲ. ಮನೆಯಲ್ಲಿ ನಿನ್ನ ಬಾಯಲ್ಲಿ ದಿನವೂ ಕೇಳುತ್ತಿದ್ದ ಹೆಸರು ಅದು. ಮರುಳಪ್ಪನವರು ಹೇಳಿದರು, ಮರುಳಪ್ಪನವರು ಕರೆದರು, ಮರುಳಪ್ಪನವರಿಗೆ ತಿಳಿದರೆ. ಯಾರ ಮುಂದೆ ಹೇಳಿದರೂ ನಡೆಯುವ ಹೆಸರು ಎಂದು ನನಗೆ ಕಲಿಸಿದವನು ನೀನೇ. ಅದೇ ಬಾಯಿಗೆ ಬಂತು.

ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ. ನೀನು ಕುರ್ಚಿ ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಕೊಟ್ರಬಸಪ್ಪನವರು ಬಂದು, "ನಿಮ್ಮ ಅಪ್ಪಾಜಿ ಭಾಳ ದೊಡ್ಡ ಮನುಷ್ಯರಮ್ಮ, ಅವ್ರ ಟ್ರ್ಯಾಕ್ಟರ್ ಡ್ರೈವರೂ ಎಂಥ ಮರ್ಯಾದಸ್ಥ, ಕೈ ಮುಗಿದು ಕಾರಿನ ಬಾಗ್ಲು ಹಾಕಿದ" ಎಂದರು. ಕೈಯಲ್ಲಿ ಯಾರದೋ ರಕ್ತದ ಶೀಷೆ ಇತ್ತು, ಬೀಳಲಿಲ್ಲ. ಹೌದು ಸರ್ ಎಂದೆ.

ನಾನು ಅವರಿಗೆ ಹೇಳಿಬಿಡುತ್ತೇನೆ.

ಅರುಣಾ


ಕೆರೆಯಂಗಳ ತಾಂಡಾ
೧೨ ಡಿಸೆಂಬರ್ ೨೦೨೪

ಅರುಣಾ,

ಹೇಳಬೇಡ. ಈ ಕಾಗದ ತಲುಪುವ ಮೊದಲೇ ಹೇಳಿಬಿಟ್ಟಿರುತ್ತೀಯೇನೋ ಎಂದು ಹೆದರಿಕೆಯಾಗುತ್ತಿದೆ. ಹೋದ ಪತ್ರವನ್ನು ಸಿಟ್ಟಿನಲ್ಲಿ ಬರೆದೆ, ಮರೆತುಬಿಡು. ಕಷ್ಟಪಟ್ಟು ಓದಿದ ಹುಡುಗಿ ನೀನು. ಆ ಕೆಲಸ ಬಿಟ್ಟರೆ ಇನ್ನೊಂದು ಬಾಗಿಲಿಗೆ ಹೋಗಬೇಕು, ಅಲ್ಲೂ ಇದೇ ಕೇಳುತ್ತಾರೆ.

ನಾನು ಒಂದು ದಾರಿ ಹುಡುಕಿದ್ದೇನೆ. ಹೊನ್ನಾಳಿಗೆ ಹೋಗಿ ವಕೀಲರೊಬ್ಬರನ್ನು ಕಂಡು ಬಂದೆ. ಯಾರು ಬೇಕಾದರೂ ಹೆಸರು ಬದಲಾಯಿಸಿಕೊಳ್ಳಬಹುದಂತೆ. ಅಫಿಡವಿಟ್ ಮಾಡಿಸಿ ಪೇಪರಿನಲ್ಲಿ ಹಾಕಿಸಿದರೆ ಆಯಿತು, ಆಮೇಲೆ ಆಧಾರಿನಲ್ಲಿಯೂ ತಿದ್ದಿಸಬಹುದು. ನಿನ್ನದನ್ನು ಯಾಕೆ ಬದಲಾಯಿಸಬೇಕು, ಅದು ಚೆನ್ನಾಗಿಯೇ ಇದೆ. ಅಡ್ಡ ಬರುತ್ತಿರುವುದು ನನ್ನದು, ನನ್ನದನ್ನೇ ಬದಲಾಯಿಸೋಣ. ಆಗ ಮುಂದೆ ಯಾರು ಕೇಳಿದರೂ ನೀನು ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ, ಶಿವಗಂಗಮ್ಮನವರ ಮನೆ ಹೆಸರಿನ ಗೊಡವೆಯೂ ಬೇಡ.

"ಏನಂತ ಇಡಾನ?" ಎಂದು ವಕೀಲರು ಪೆನ್ನು ಹಿಡಿದು ಕೇಳಿದರು. ನನಗೆ ಹೊಳೆಯಲಿಲ್ಲ. ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಎದ್ದು ಬಂದೆ. ಯಾಡಿಯನ್ನು ಕೇಳಿದರೆ, ನಾನು ಹೊಸ ಗಂಡನನ್ನು ಕೇಳಿಲ್ಲ ಎಂದು ಬೈದಳು. ಆಮೇಲೆ ಒಳಗೆ ಹೋಗಿ ಅತ್ತಳು. ಇಷ್ಟು ವರ್ಷದಲ್ಲಿ ಅವಳು ನನ್ನ ಹೆಸರು ಹಿಡಿದು ಕರೆದಿದ್ದೇ ಇಲ್ಲ, ಆದರೂ ಅತ್ತಳು.

ಬೇರೆ ಯಾರನ್ನು ಕೇಳಲಿ? ಬಸ್ಸಿನಲ್ಲಿ ಬರುವಾಗ ಒಂದೆರಡು ಹೆಸರನ್ನು ಬಾಯಲ್ಲೇ ಹೇಳಿ ನೋಡಿಕೊಂಡೆ. ಯಾರೋ ಪಕ್ಕದವರನ್ನು ಕರೆದ ಹಾಗಿತ್ತು. ರೂಢಿಯಾಗುತ್ತದೆ ಬಿಡು. ನಿನಗೆ ಯಾವ ಹೆಸರು ಒಳ್ಳೆಯದೆನಿಸುತ್ತದೋ ಬರೆದು ಕಳಿಸು, ಸಂಕ್ರಾಂತಿ ಕಳೆದ ಮೇಲೆ ಹೋಗಿ ಮಾಡಿಸಿಬಿಡುತ್ತೇನೆ. ನೀನು ಮನೆಗೆ ಬಂದು ಹೋಗುವ ಹಾಗಾದರೆ ನನಗೆ ಯಾವ ಹೆಸರಾದರೂ ಸರಿ.

ನಿನ್ನ ಬಾಪು


ಜಗಳೂರು
೧೬ ಜನವರಿ ೨೦೨೫

ಬಾಪು,

ವಕೀಲರ ಹತ್ತಿರ ಹೋಗಬೇಡ. ಹೋಗಿದ್ದರೆ ವಾಪಸ್ ಹೋಗಿ ಬೇಡ ಎಂದು ಹೇಳಿ ಬಾ.

ಡಿಸೆಂಬರಿನಲ್ಲಿ ಹೇಳುತ್ತೇನೆ ಎಂದು ಬರೆದೆನಲ್ಲ, ಹೇಳಿರಲಿಲ್ಲ. ದಿನವೂ ಸಂಜೆ ಹೇಳೋಣ ಎಂದುಕೊಳ್ಳುವುದು, ಸಂಜೆಯಾದರೆ ನಾಳೆ ಎಂದುಕೊಳ್ಳುವುದು. ನಿನ್ನ ಪತ್ರ ಬಂದ ಮೇಲೂ ಒಂದು ತಿಂಗಳು ಹಾಗೇ ಇದ್ದೆ. ನಿನಗೆ ಹೆಸರು ಹುಡುಕಿದೆ ಕೂಡ. ಒಂದು ಹಾಳೆಯ ಮೇಲೆ ನಾಲ್ಕೈದು ಬರೆದೆ. ಓಂಕಾರಪ್ಪ ಎಂದು ಬರೆದು, ಓಂಕಾರಪ್ಪ ಊಟ ಮಾಡಿದನಾ, ಓಂಕಾರಪ್ಪನಿಗೆ ಬೆನ್ನುನೋವು ಕಡಿಮೆಯಾಯಿತಾ ಎಂದು ಮನಸ್ಸಿನಲ್ಲಿ ಕೇಳಿಕೊಂಡೆ. ಯಾರ ಬೆನ್ನೂ ಕಣ್ಣಿಗೆ ಬರಲಿಲ್ಲ. ಹಾಳೆ ಹರಿದುಹಾಕಿ, ಸಂಕ್ರಾಂತಿಯ ಮಾರನೇ ದಿನ ಲ್ಯಾಬಿನ ಬಾಗಿಲು ತೆಗೆದ ಕೂಡಲೇ ಹೇಳಿದೆ.

"ಸರ್, ನಾನು ಮರುಳಪ್ಪನವರ ಮಗಳಲ್ಲ. ಅವತ್ತು ನಿಮ್ಮ ಕಾರಿನ ಬಾಗ್ಲು ಹಾಕಿದ್ರಲ್ಲ, ಅವ್ರು ನಮ್ಮಪ್ಪ. ಥಾವರ್ಯಾ ನಾಯ್ಕ ಅಂತ."

ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ಜಾತಿ ಗೀತಿ ನಾನು ನೋಡಾಕಿಲ್ಲಮ್ಮ. ಆದ್ರೆ ಸುಳ್ಳು ಹೇಳಿದೆಯಲ್ಲ, ಅದು ಭಾಳ ಬ್ಯಾಸ್ರ ಆತು" ಎಂದರು.

"ಮೊದ್ಲೇ ನಿಜ ಹೇಳಿದ್ರೆ ಕೆಲ್ಸ ಕೊಡ್ತಿದ್ರಾ ಸರ್?" ಎಂದೆ.

"ಆ ಮಾತು ಈಗ್ಯಾಕೆ" ಎಂದರು. ಸಂಬಳ ಎಣಿಸಿ ಕೊಟ್ಟರು, ನಾಳೆಯಿಂದ ಬರಬೇಡ ಎಂದರು. ಅಷ್ಟರಲ್ಲಿ ಬಂದು ಕಾಯುತ್ತಿದ್ದ ಒಬ್ಬರು ರಕ್ತ ಕೊಡದೆ ಹೊರಡುವ ಹಾಗಿರಲಿಲ್ಲ, ಅವರಿಗೆ ಸೂಜಿ ಹಾಕಿಯೇ ಬಂದೆ.

ನಿರ್ಮಲಮ್ಮನವರಿಗೆ ಸಂಜೆಯ ಒಳಗೆ ಸುದ್ದಿ ಮುಟ್ಟಿತ್ತು. ಮೆಟ್ಟಿಲ ಮೇಲೆ ನಿಂತು ಅತ್ತರು. "ನನ್ನ ಹತ್ರಾನಾದ್ರೂ ಹೇಳ್ಬಾರ್ದಿತ್ತಾ? ನಂಗೇನೂ ಇಲ್ಲಮ್ಮ, ಮನೆಯೋರು ಒಪ್ಪಾಕಿಲ್ಲ" ಎಂದರು. ತಿಂಗಳ ಕೊನೆ ತನಕ ಕೋಣೆಯಲ್ಲಿರಬಹುದು. ಈ ಸಲ, ಹಬ್ಬಕ್ಕೆ ಮಾಡಿ ಉಳಿದ ಎಳ್ಳುಬೆಲ್ಲವನ್ನು ಮಹಡಿಗೇ ಕಳಿಸಿಕೊಟ್ಟರು, ಒಳಗೆ ಕರೆಯಲಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಪ್ರಯತ್ನ ಮಾಡುತ್ತಿದ್ದೇನೆ, ಬರುತ್ತಿಲ್ಲ. ಅವರ ಅಡುಗೆಮನೆ ನನಗೆ ನೆನಪಾಗುತ್ತದೆ.

ಕೆಲಸ ಹೋಯಿತು ಎಂದು ನೀನು ಬೈಯುತ್ತೀಯ, ಬೈದುಕೋ. ನನಗೂ ಹೆದರಿಕೆ ಇದೆ. ರಾತ್ರಿಯೆಲ್ಲ ನಿದ್ದೆ ಬಂದಿಲ್ಲ. ಆದರೆ ನಿನ್ನನ್ನು ನೋಡಬೇಕು ಎಂಬ ಆಸೆಯ ಜೊತೆಯಲ್ಲೇ ಎಲ್ಲಿ ಬಂದುಬಿಡುತ್ತೀಯೋ ಎಂಬ ದಿಗಿಲನ್ನೂ ಏಳು ತಿಂಗಳು ಹೊತ್ತುಕೊಂಡಿದ್ದೆ. ಅದು ಈಗ ಇಲ್ಲ. ಬರೀ ನೋಡಬೇಕು ಎಂಬುದಷ್ಟೇ ಇದೆ. ಅದೊಂದೇ ಆದಾಗ ಇಷ್ಟು ನೋಯುತ್ತದೆ ಎಂದು ಗೊತ್ತಿರಲಿಲ್ಲ.

ಇಪ್ಪತ್ತೇಳನೇ ತಾರೀಖು ಸೋಮವಾರ ಚನ್ನಗಿರಿಯಲ್ಲಿ ಹೊಸದಾಗಿ ಆಗಿರುವ ಒಂದು ಆಸ್ಪತ್ರೆಯವರು ನನ್ನನ್ನು ಕರೆದಿದ್ದಾರೆ. ಡಿಸೆಂಬರಿನಲ್ಲೇ ಡಿಪ್ಲೊಮಾದ ಪ್ರತಿ ಕಳಿಸಿದ್ದೆ, ಅರುಣಾ ಎಂಬ ಹೆಸರು ನೋಡಿ ಕರೆದಿದ್ದಾರೆ. ನೀನೂ ಬಾ. ಮರುಳಪ್ಪನವರಿಗೆ ರಜೆ ಹೇಳಿ ಬಾ, ಗಾಡಿಯನ್ನು ಒಂದು ದಿನ ಬೇರೆ ಯಾರಾದರೂ ಶುರುಮಾಡಲಿ. ಬಸ್ ಸ್ಟ್ಯಾಂಡಿನಲ್ಲಿ ಕಾದಿರುತ್ತೇನೆ.

ನೀನು ಆಸ್ಪತ್ರೆಯ ಗೇಟಿನ ಹತ್ತಿರ ಚಹಾದಂಗಡಿಯಲ್ಲಿ ಕೂತು, ಒಬ್ಬಳೇ ಹೋಗಿ ಬಾ ಎನ್ನಬೇಡ. ಒಳಗೆ ಬಂದು ನನ್ನ ಪಕ್ಕದ ಕುರ್ಚಿಯ ಮೇಲೆ ಕೂತುಕೋ. ಅವರು ಕಾಗದ ನೋಡುತ್ತಾರೆ. ಎಲ್ಲಿ ಓದಿದೆ, ಎಲ್ಲಿ ಕೆಲಸ ಮಾಡಿದೆ ಎನ್ನುತ್ತಾರೆ, ಅದಕ್ಕೆಲ್ಲ ನಾನು ಉತ್ತರ ಕೊಡುತ್ತೇನೆ. ಆಮೇಲೆ ತಂದೆಯ ಹೆಸರು ಕೇಳುತ್ತಾರೆ. ಆಗ ನಾನು ಸುಮ್ಮನಿರುತ್ತೇನೆ ಬಾಪು. ನೀನು ಹೇಳು.

ನಿನ್ನ ಮಗಳು
ಅರುಣಾ